ಹಾಳೆಯಿಲ್ಲದ ಬಾಟಲಿ

ಆ ಚೀಟಿಯ ಮೇಲೆ ಇದ್ದದ್ದು ಒಂದು ತಾರೀಕು, ಒಂದು ಅಂಕಿ, ಅಷ್ಟೆ. ಅರವತ್ತೊಂದು. ಪೆನ್ಸಿಲಿನಲ್ಲಿ ಬರೆದದ್ದು, ಎರಡು ವರ್ಷದಲ್ಲಿ ಎಷ್ಟು ಮಾಸಿತ್ತೆಂದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಅದನ್ನು ನಾಲ್ಕನೆಯ ಸಲ ಪರ್ಸಿನಿಂದ ತೆಗೆದು ನೋಡಿದಳು, ದಾರಿಯಲ್ಲಿ ಅಂಕಿ ಏನಾದರೂ ಬದಲಾಗಿದ್ದೀತೇನೋ ಎಂಬಂತೆ. ಬದಲಾಗಿರಲಿಲ್ಲ. ಮಡಚಿ ಒಳಗಿಟ್ಟಳು.

ಅಕ್ಕನ ಮನೆಗೆ ಹೊರಟಿದ್ದಳು. ಅಕ್ಕ, ಭಾವ ಇರುವುದು ಮುಚ್ಚಿಹೋದ ಗಣಿಯೊಂದರ ಕಾರ್ಮಿಕರ ಹಳೆಯ ವಸತಿಯಲ್ಲಿ. ಅಲ್ಲಿನ ಬೋರ್‌ವೆಲ್ಲಿನ ಪಂಪು ನೋಡಿಕೊಳ್ಳುವುದು ಭಾವನ ಕೆಲಸ. ಈ ಚೀಟಿಯ ವಿಷಯ ಅವರಿಗೆ ಹೇಳಬೇಕಿತ್ತು. ಹೇಳಲೆಂದೇ ಹಿಂದೆ ಎರಡು ಸಲ ಹೋಗಿ, ಚಹಾ ಕುಡಿದು, ಅದೂ ಇದೂ ಮಾತಾಡಿ ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸು ಬಂದಿದ್ದಳು. ಈ ಸಲ ಹಾಗೆ ಬರುವಂತಿರಲಿಲ್ಲ. ಬುಧವಾರ ಪ್ರಯೋಗಾಲಯದ ವರದಿ ನೀರಿನ ಕಚೇರಿಗೆ ಹೋಗುತ್ತದೆ. ಅದರಲ್ಲಿ ಆ ಅಂಕಿ ಇರುತ್ತದೆ, ಅದರ ತಾರೀಕೂ ಇರುತ್ತದೆ. ಅಕ್ಕ ಇನ್ನೊಬ್ಬರ ಬಾಯಿಂದ ಕೇಳುವ ಮುಂಚೆ ತಾನೇ ಹೇಳಬೇಕು.

ಪ್ರಯೋಗಾಲಯಕ್ಕೆ ಅವಳು ಮೊದಲು ಸೇರಿದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಕೆಲಸ ಮುಗಿಸಿ ಸಂಜೆ ತರಗತಿಗೆ ಹೋಗಿ, ಐದು ವರ್ಷ ಹೀಗೇ ಕಳೆದು, ಡಿಪ್ಲೊಮಾ ಮುಗಿಸಿ ಸಹಾಯಕಿಯಾದಳು. ಸಂಜೆ ತರಗತಿಯಲ್ಲಿ ಓದಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಹಗಲು ಕಾಲೇಜಿನವರಿಗೆಲ್ಲ ಹೇಳಿಕೊಟ್ಟ ಯಾವುದೋ ಒಂದು ಪಾಠ ತನಗೆ ಮಾತ್ರ ತಪ್ಪಿಹೋಗಿದೆ, ಅದು ಯಾವುದೆಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆ ಎಂಬ ಭಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಇವಳು ಯಾರೂ ಕುಂಬಳಕಾಯಿಯ ಸುದ್ದಿ ಎತ್ತದಿದ್ದರೂ ಹೆಗಲು ಮುಟ್ಟಿಕೊಳ್ಳುವವಳು. ಒಮ್ಮೆ ಎರಡು ಬಾಟಲಿಗಳ ಚೀಟಿ ಅದಲುಬದಲಾಗಿ ಒಂದು ವಾರದ ಕೆಲಸ ಹಾಳಾಗಿತ್ತು. ಆಗ ಸರ್ ಬೈದಿರಲಿಲ್ಲ, "ಹೋಗ್ಲಿ ಬಿಡಿ" ಅಂದಿದ್ದರು. ಆ "ಹೋಗ್ಲಿ ಬಿಡಿ"ಯಿಂದ ಅವಳಿಗೆ ಎಂಟು ದಿನ ಊಟ ಸೇರಲಿಲ್ಲ. ಅಂದಿನಿಂದ ಪ್ರತಿ ಅಳತೆಯನ್ನೂ ಎರಡು ಸಲ ಮಾಡುತ್ತಿದ್ದಳು. ಉಳಿದವರು ಅವಳಿಗೆ "ಮತ್ತೊಮ್ಮೆ ಮೇಡಂ" ಎಂದೇ ಹೆಸರಿಟ್ಟಿದ್ದರು.

ಸರ್ ಎಂದರೆ ಪ್ರಯೋಗಾಲಯದ ಮುಖ್ಯಸ್ಥರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಮೇಜಿನ ಮೇಲೆಲ್ಲ ಕನ್ನಡಕ ಹುಡುಕುವ ಮನುಷ್ಯ. ಅವರ ಕೆಲಸ ಹಾಳೆಗಳದ್ದು. ಕಾಗದದ ಹಾಳೆಯಲ್ಲ, ನ್ಯಾನೊ ಹಾಳೆ. ಪದರ ಪದರವಾಗಿರುವ ಒಂದು ಬೂದು ಪುಡಿಯನ್ನು ದ್ರಾವಣದಲ್ಲಿ ದಿನಗಟ್ಟಲೆ ಕುಲುಕಿದರೆ, ಈರುಳ್ಳಿಯ ಸಿಪ್ಪೆ ಬಿಟ್ಟುಕೊಳ್ಳುವಂತೆ ಅದರ ಪದರಗಳು ಬಿಡುತ್ತವೆ. ಸಾವಿರಾರು ಪದರ ಒಂದರ ಮೇಲೊಂದು ಪೇರಿಸಿದರೂ ಒಂದು ಕೂದಲಿನ ದಪ್ಪ ಆಗುವುದಿಲ್ಲ. ನೀರಿನಲ್ಲಿರುವ ಯುರೇನಿಯಂ ಹೋಗಿ ಆ ಹಾಳೆಗಳಿಗೆ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ಹೇಳಿದರೂ ಕಣ್ಣಿಗೆ ಕಾಣುವುದು ಪಾತ್ರೆ ತೊಳೆದ ನೀರಿನಂಥ ಬೂದು ನೀರು ಮಾತ್ರ. ಅದು ಒಣಗಬಾರದು, ಒಣಗಿದರೆ ಹಾಳೆಗಳು ಮತ್ತೆ ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ. ಒಣಗದಂತೆ ನೋಡಿಕೊಳ್ಳಲು ಅವಳು ರಜಾದಿನದಲ್ಲೂ ಬಂದು ಮುಚ್ಚಳ ತೆಗೆದು ನೋಡಿ ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ. ಹೇಳದ ಕೆಲಸವನ್ನೆಲ್ಲ ಮಾಡುತ್ತಿದ್ದಳು.

ಪರೀಕ್ಷೆ ಮಾಡುವ ರೀತಿ ಹೀಗೆ: ನೂರು ಪಾಲು ಯುರೇನಿಯಂ ಇರುವ ನೀರನ್ನು ಬಾಟಲಿಗಳಿಗೆ ತುಂಬಿ, ಹಾಳೆ ಹಾಕಿ, ಕುಲುಕಿಡುವುದು. ಆಮೇಲೆ ಆ ನೀರನ್ನು ಸಿರಿಂಜಿಗೆ ಎಳೆದು, ತುದಿಗೆ ನಾಣ್ಯದಗಲದ ಸೋಸುವ ಬಿಲ್ಲೆ ಸಿಕ್ಕಿಸಿ ಒತ್ತಿದರೆ ಹಾಳೆಗಳು ಬಿಲ್ಲೆಯಲ್ಲಿ ನಿಂತು ತಿಳಿನೀರು ಬರುತ್ತದೆ. ಅದನ್ನು ಯಂತ್ರದಲ್ಲಿ ಅಳೆಯುವುದು. ಇವುಗಳ ಜೊತೆಗೆ ಒಂದು ಬಾಟಲಿಗೆ ಮಾತ್ರ ಹಾಳೆ ಹಾಕುವುದಿಲ್ಲ. ಅದೇ ನೀರು, ಅದೇ ಕುಲುಕು, ಅದೇ ಬಿಲ್ಲೆ, ಹಾಳೆಯೊಂದಿಲ್ಲ. ಪ್ರಯೋಗಾಲಯದಲ್ಲಿ ಅದಕ್ಕೆ "ಸುಮ್ಮನೆ ಬಾಟಲಿ" ಎನ್ನುತ್ತಿದ್ದರು. ನೂರು ಹೋದದ್ದು ನೂರಾಗಿಯೇ ಹೊರಬರಬೇಕು, ಅದಕ್ಕಿರುವ ಕೆಲಸ ಅಷ್ಟೆ.

ಆ ದಿನ ಹಾಳೆ ಹಾಕಿದ ಬಾಟಲಿಗಳಲ್ಲಿ ಮೂರು ಪಾಲು ಉಳಿದಿತ್ತು. ಸುಮ್ಮನೆ ಬಾಟಲಿ ಅರವತ್ತೊಂದು ತೋರಿಸಿತು.

ಹಾಳೆಯೇ ಇಲ್ಲದ ಬಾಟಲಿಯಲ್ಲಿ ಮೂವತ್ತೊಂಬತ್ತು ಪಾಲು ಎಲ್ಲಿ ಹೋಯಿತು? ಬೇರೆಯವರಾಗಿದ್ದರೆ ಯಂತ್ರ ಕೆಟ್ಟಿರಬೇಕು ಅನ್ನುತ್ತಿದ್ದರು, ಇಲ್ಲವೇ ಪಕ್ಕದವರನ್ನು ಕರೆದು ತೋರಿಸುತ್ತಿದ್ದರು. ಅವಳಿಗೆ ಹೊಳೆದದ್ದು ಒಂದೇ: ನಾನೇ ಏನೋ ಮಾಡಿಬಿಟ್ಟಿದ್ದೇನೆ. ಅಳತೆ ತಪ್ಪಿರಬೇಕು. ತೊಳೆದ ಬಾಟಲಿಯಲ್ಲಿ ನೀರು ಉಳಿದಿರಬೇಕು. ಮತ್ತೆ ಚೀಟಿ ಅದಲುಬದಲಾಗಿರಬೇಕು.

ಅಲ್ಲಿ ಒಂದು ಪದ್ಧತಿಯಿತ್ತು. ದಿನವಿಡೀ ಅಂಕಿಗಳನ್ನು ಪೆನ್ಸಿಲಿನಲ್ಲಿ ಚೀಟಿಗಳ ಮೇಲೆ ಗುರುತು ಹಾಕಿಕೊಂಡು, ಸಂಜೆ ದಪ್ಪ ರಟ್ಟಿನ ಪುಸ್ತಕದಲ್ಲಿ ಪೆನ್ನಿನಿಂದ ನಕಲು ಮಾಡುವುದು. ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಅಕ್ಷರ ಚೆನ್ನಾಗಿದೆಯೆಂದು ನಕಲು ಮಾಡುವ ಕೆಲಸ ಅವಳದೇ. ಆ ಸಂಜೆ ಮೂರನ್ನು ಬರೆದಳು. ಅರವತ್ತೊಂದರ ಜಾಗದಲ್ಲಿ "ಮತ್ತೊಮ್ಮೆ ಮಾಡಬೇಕು" ಎಂದು ಬರೆದು, ಚೀಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು.

ಮರುದಿನ ಸರ್ ಪುಸ್ತಕ ತೆರೆದು, ಮೂರು ನೋಡಿ, ತಲೆಯ ಮೇಲಿದ್ದ ಕನ್ನಡಕ ನೆಲಕ್ಕೆ ಬೀಳುವಂತೆ ಎದ್ದು ನಿಂತರು. "ತೊಂಬತ್ತೇಳು ಪಾಲು ತೆಗೆದಿದೆ ಕಣ್ರೀ!" ಎಲ್ಲರಿಗೂ ಚಹಾ ತರಿಸಿದರು. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಮಾಡಿಬಿಡಿ" ಅಂದರು.

"ಹೂಂ ಸರ್."

ಸರ್ ಪುಟ ತಿರುಗಿಸಿದರು.

ಎಲ್ಲವನ್ನೂ ಎರಡು ಸಲ ಮಾಡುತ್ತಿದ್ದವಳು ಇದೊಂದನ್ನು ಮಾತ್ರ ಮಾಡಲಿಲ್ಲ. ಸಮಯವಿರಲಿಲ್ಲ ಎಂದಲ್ಲ. ಮತ್ತೊಮ್ಮೆ ಮಾಡಿ ಮತ್ತೆ ಅರವತ್ತೊಂದೇ ಬಂದುಬಿಟ್ಟರೆ? ಒಂದೇ ಸಲ ಬಂದದ್ದು ತನ್ನ ತಪ್ಪು. ತನ್ನ ತಪ್ಪಿನಿಂದ ಯಾರಿಗೇನು? ಎರಡನೆಯ ಸಲವೂ ಬಂದರೆ ಅದು ತನ್ನ ತಪ್ಪಲ್ಲ. ಆಗ ಬಾಯಿ ಬಿಡಬೇಕು. ಚಹಾ ಕುಡಿದು ನಗುತ್ತಿರುವವರ ಮುಂದೆ ನಿಂತು, ಸಂಜೆ ತರಗತಿಯಲ್ಲಿ ಓದಿದ ತಾನು, "ಸರ್, ಎಲ್ಲೋ ಏನೋ ಸರಿಯಿಲ್ಲ" ಅನ್ನಬೇಕು. ಇವತ್ತು ನಾಳೆ ಎನ್ನುತ್ತ ವಾರ ಕಳೆಯಿತು, ತಿಂಗಳು ಕಳೆಯಿತು. ಮುಂದಿನ ಪರೀಕ್ಷೆಗಳಿಗೆ ಶುರುವಿನ ನೀರನ್ನು ಬಿಲ್ಲೆಗೆ ಹಾಕದೆ ನೇರವಾಗಿ ಅಳೆದು ಹೋಲಿಕೆಗೆ ಅದನ್ನೇ ಹಿಡಿದರು. ಅದು ಸರಿಯಾಗಿ ನೂರಿತ್ತು. ಸುಮ್ಮನೆ ಬಾಟಲಿಯನ್ನು ಯಾರೂ ಕೇಳಲಿಲ್ಲ.

ಹಾಳೆಗಳನ್ನು ಸಣ್ಣ ಮಣಿಗಳಿಗೆ ಅಂಟಿಸಿ ಆಳೆತ್ತರದ ಫಿಲ್ಟರ್ ಮಾಡಿದಾಗ, ಅದನ್ನು ಮೊದಲು ಎಲ್ಲಿ ಹಾಕಿ ನೋಡುವುದು ಎಂಬ ಮಾತು ಬಂತು. "ನಮ್ಮಕ್ಕನ ಮನೆ ಹತ್ರ ಒಂದು ಬೋರ್‌ವೆಲ್ ಇದೆ ಸರ್" ಎಂದು ಹೇಳಿದವಳೂ ಅವಳೇ. ಗಣಿ ಮುಚ್ಚಿದ ಮೇಲೆ ಅಲ್ಲಿಯ ನೀರಿನಲ್ಲಿ ಯುರೇನಿಯಂ ಲೀಟರಿಗೆ ತೊಂಬತ್ತು ಮೈಕ್ರೊಗ್ರಾಂ ಇತ್ತು. ಕುಡಿಯುವ ನೀರಿನಲ್ಲಿ ಮೂವತ್ತನ್ನು ಮೀರಬಾರದು. ಹಾಗಾಗಿ ಜನ ವರ್ಷಗಳಿಂದ ಟ್ಯಾಂಕರ್ ನೀರಿಗೆ ಸಾಲು ನಿಲ್ಲುತ್ತಿದ್ದರು. ಅಕ್ಕನ ಭುಜ ಕ್ಯಾನು ಹೊತ್ತು ಹೊತ್ತು ಒಂದು ಕಡೆಗೆ ವಾಲಿತ್ತು. ಆ ಭುಜವನ್ನು ನೆಟ್ಟಗೆ ಮಾಡುತ್ತೇನೆ ಎಂಬ ಆಸೆ ಅವಳಿಗಿತ್ತು. ಅದು ಸುಳ್ಳಲ್ಲ.

ಫಿಲ್ಟರ್ ಕೂರಿಸಿದ ದಿನ ಪಂಪ್‌ಹೌಸಿನ ಬಾಗಿಲಲ್ಲಿ ಭಾವ ಮದುವೆ ಮನೆಯ ಯಜಮಾನನಂತೆ ಓಡಾಡಿದ್ದ.

"ಕಣ್ಣಿಗೇ ಕಾಣದ ಹಾಳೆಯಂತೆ! ನಮ್ಮ ಅತ್ತೆ ಮಗಳಲ್ವಾ ಇವಳು, ಕಾಣದ್ದನ್ನೇ ದೊಡ್ಡದು ಮಾಡೋದು ಆ ಮನೆಯವರ ರಕ್ತದಲ್ಲೇ ಬಂದಿದೆ."

"ಅಮ್ಮನ್ನ ಯಾಕ್ರೀ ಮಧ್ಯ ಎಳೀತೀರಾ?" ಅಕ್ಕ ನಗುತ್ತಲೇ ಗದರಿದ್ದಳು.

"ಎಳೀದೆ ಇನ್ನೇನು? ಇದ್ದಾಗ ನನ್ನನ್ನ ಎಷ್ಟು ಎಳೆದಾಡಿದ್ರು! ಏ ಸೈಂಟಿಸ್ಟಮ್ಮ, ಹೇಳು, ಇದನ್ನ ಕುಡೀಬಹುದು ತಾನೆ? ನಿನ್ನ ಮಾತಿನ ಮೇಲೆ ನಾನು ಟ್ಯಾಂಕರಿನವನಿಗೆ ನಮಸ್ಕಾರ ಹೊಡೀತಿದೀನಿ."

ಅವಳೇ ಪರೀಕ್ಷೆ ಮಾಡಿದ ನೀರು. ಇಪ್ಪತ್ತೇಳು ಬಂದಿತ್ತು. ಹರಿಯುವ ನೀರಿನಲ್ಲಿ ಬಾಟಲಿಯಷ್ಟು ಚೆನ್ನಾಗಿ ಬರದಿದ್ದರೂ ಮಿತಿಯ ಒಳಗೆ. "ಕುಡೀಬಹುದು ಭಾವ" ಅಂದಿದ್ದಳು.

ಭಾವ ಸಾಲು ಮನೆಗಳ ಉದ್ದಕ್ಕೂ ಹೇಳಿಕೊಂಡು ಬಂದ: "ನಮ್ಮ ನಾದಿನಿ ಮಾಡಿದ್ದು! ನಮ್ಮ ನಾದಿನಿ!" ಅಕ್ಕ ಹೊಸ ನಲ್ಲಿಯಿಂದ ಲೋಟ ತುಂಬಿ ತಂದು ಮೊದಲು ತಂಗಿಗೇ ಹಿಡಿದಳು. "ಬೇಡಕ್ಕ, ಬಾಟ್ಲಿ ತಂದಿದೀನಿ" ಅಂದಳು ಇವಳು. ಲೋಟದ ನೀರನ್ನು ಅಕ್ಕನೇ ಕುಡಿದಳು.

ಪ್ರತಿ ತಿಂಗಳೂ ನೀರು ತಂದು ಅದೇ ಸಿರಿಂಜು, ಅದೇ ಬಿಲ್ಲೆಯಲ್ಲಿ ಸೋಸಿ ಅಳೆದಳು. ಪ್ರತಿ ತಿಂಗಳೂ ಇಪ್ಪತ್ತೇಳರ ಆಸುಪಾಸು. ಹೀಗೆ ಎಂಟು ತಿಂಗಳು.

ಒಂಬತ್ತನೆಯ ತಿಂಗಳು ನೀರಿನ ಕಚೇರಿಯವರು ಬೇರೆ ಪ್ರಯೋಗಾಲಯಕ್ಕೂ ಒಂದು ಬಾಟಲಿ ಕಳಿಸಿದರು. ಅವರು ಬಿಲ್ಲೆ ಬಳಸುವುದಿಲ್ಲ. ತುಂಬುವಾಗಲೇ ಒಂದೆರಡು ಹನಿ ಆಮ್ಲ ಹಾಕಿ ಇದ್ದ ನೀರನ್ನು ಇದ್ದ ಹಾಗೇ ಅಳೆಯುತ್ತಾರೆ. ಅವರಿಗೆ ನಲವತ್ತೈದು ಬಂತು.

ಸರ್ ಎರಡು ದಿನ ಊಟದ ಡಬ್ಬಿ ತೆರೆಯದೆ ಹುಡುಕಿದರು. ಮೂರನೆಯ ದಿನ ಬರೀ ಬಿಲ್ಲೆಯೊಂದನ್ನು ಹಿಡಿದು, ಹಾಳೆಯಿಲ್ಲದ ನೂರು ಪಾಲಿನ ನೀರನ್ನು ಅದರ ಮೂಲಕ ಒತ್ತಿ ಅಳೆದು, ಎಲ್ಲರೂ ಇರುವಾಗ ಜೋರಾಗಿ ಓದಿದರು: "ಅರವತ್ತೊಂದು! ಈ ದರಿದ್ರ ಬಿಲ್ಲೇನೇ ಯುರೇನಿಯಂ ತಿಂತಾ ಇದೆ. ಹಾಳೆ ಮಾಡಿದ್ದು ಅರ್ಧ ಕೆಲಸ, ಉಳಿದದ್ದಕ್ಕೆ ನಾವು ಬಿಲ್ಲೆಗೆ ಸಿಗಬೇಕಾದ ಶಹಬ್ಬಾಸ್‌ಗಿರಿ ಹಾಳೆಗೆ ಕೊಟ್ವಿ."

ಅವಳು ಮನಸ್ಸಿನಲ್ಲೇ ಗುಣಿಸಿದಳು. ನಲವತ್ತೈದರಲ್ಲಿ ನೂರಕ್ಕೆ ಅರವತ್ತೊಂದರಂತೆ ಎಷ್ಟು? ಇಪ್ಪತ್ತೇಳು ಚಿಲ್ಲರೆ. ಕಾಗದ ಬೇಕಾಗಲಿಲ್ಲ, ಬಾಯಲ್ಲೇ ಲೆಕ್ಕವಾಯಿತು. ಎಂಟು ತಿಂಗಳೂ ಅದೇ ಅಂಕಿ ಅವಳ ಕಣ್ಣೆದುರಿಗಿತ್ತು, ಅದನ್ನು ಬಿಡಿಸುವ ಕೀಲಿಕೈ ಅವಳ ಪರ್ಸಿನಲ್ಲಿತ್ತು.

ಫಿಲ್ಟರ್ ನಿಂತಿತು, ಟ್ಯಾಂಕರ್ ಮರಳಿತು. ವಸತಿಯ ಎಲ್ಲರಿಗೂ ಮೂತ್ರಪರೀಕ್ಷೆ ಆಯಿತು. ಹೆಚ್ಚಿನವರದು ಸರಿಯಿತ್ತು. ಅಕ್ಕನದರಲ್ಲಿ ಚೂರು ಹೆಚ್ಚುಕಡಿಮೆ ಕಂಡಿತು. "ಇದರಿಂದಲೇ ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ. ವರ್ಷಕ್ಕೊಂದು ಸಲ ನೋಡ್ತಾ ಇರೋಣ" ಅಂದರು ವೈದ್ಯರು.

ಕಳೆದ ವಾರ ಕೊನೆಗೂ ಚೀಟಿಯನ್ನು ಸರ್ ಮುಂದೆ ಇಟ್ಟಿದ್ದಳು. ಅವರು ಕನ್ನಡಕ ಇಳಿಸಿ, ತಾರೀಕು ನೋಡಿದರು.

"ಯಾಕಮ್ಮ ಹೇಳಲಿಲ್ಲ?"

"ನನ್ನದೇ ತಪ್ಪಿರಬೇಕು ಅಂದ್ಕೊಂಡೆ ಸರ್."

"ಹೇಳಿದ್ರೆ ನಾನು ಬೈತಿದ್ನಾ?"

"ಇಲ್ಲ ಸರ್."

"ಮತ್ತೆ?"

ಸರ್ ಚೀಟಿಯನ್ನು ಬೆಳಕಿಗೆ ಹಿಡಿದರು. "ಪುಟ ತಿರುಗಿಸಿದವನು ನಾನು. ನನ್ನ ಪಾಲಿನದು ನನಗೆ ಗೊತ್ತು. ಆದ್ರೆ ನೋಡಿ, ಆ ವರ್ಷ ಇಡೀ ಲ್ಯಾಬಿನಲ್ಲಿ ಸರಿಯಾಗಿ ಅಳೆದಿದ್ದು ಇದೊಂದೇ ಅಂಕಿ." ಪುಸ್ತಕವನ್ನು ಅವಳತ್ತ ಸರಿಸಿದರು. "ಬರೀರಿ. ಇವತ್ತಿನ ತಾರೀಕೂ ಹಾಕಿ, ಅವತ್ತಿನ ತಾರೀಕೂ ಹಾಕಿ. ವರದಿಗೂ ಸೇರಿಸ್ತೀನಿ."

ಬರೆದಳು. ಅಕ್ಷರ ಎಂದಿನಂತೆ ಚೆನ್ನಾಗಿಯೇ ಬಂತು.

ಅಕ್ಕನ ಅಡುಗೆಮನೆಯಲ್ಲಿ ಕ್ಯಾನುಗಳು ಮತ್ತೆ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು, ಮುಚ್ಚಳಕ್ಕೆಲ್ಲ ಬಟ್ಟೆ ಕಟ್ಟಿ. ಅಕ್ಕ ಚಹಾಕ್ಕೆ ಇಟ್ಟಳು. ತಂಗಿ ಸ್ಟೂಲಿನ ಮೇಲೆ ಕೂತು, ಬಸ್ಸಿನಿಂದ ಒಣಗಿದ ಗಂಟಲಿಗೆ ಚೀಲದಿಂದ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಅಲ್ಲೇ ನೆಲದ ಮೇಲಿಟ್ಟು, ಶುರು ಮಾಡಿದಳು. ಚೀಟಿ ತೆಗೆದು ತೋರಿಸಿದಳು. ಸುಮ್ಮನೆ ಬಾಟಲಿಯಿಂದ ಹಿಡಿದು ವರದಿಯವರೆಗೆ ಎಲ್ಲ ಹೇಳಿದಳು. ಎಲ್ಲೂ ನಿಲ್ಲಲಿಲ್ಲ, ನಿಂತರೆ ಮುಂದುವರಿಯಲಾರೆ ಎಂದು ಗೊತ್ತಿತ್ತು.

ಚಹಾ ಉಕ್ಕಿತು. ಅಕ್ಕ ಒಲೆ ಆರಿಸಿದಳು, ಒರೆಸಲಿಲ್ಲ.

"ನಂಗೆ ಅಂಕಿಸಂಖ್ಯೆ ತಿಳಿಯಲ್ಲ" ಅಂದಳು. "ನೀನು ಬಾಟ್ಲಿ ತರೋದು ತಿಳಿಯುತ್ತೆ."

"ಬಾಟ್ಲಿನಾ? ಅದು ಅಭ್ಯಾಸ ಅಕ್ಕ, ಬಸ್ಸಲ್ಲಿ ಬೇಕಾಗುತ್ತೆ ಅಂತ..."

"ಟೀನೂ ಅಭ್ಯಾಸನಾ? ಆ ಎಂಟು ತಿಂಗಳು ನಮ್ಮನೇಲಿ ಒಂದು ದಿನ ಟೀ ಕುಡಿದ್ಯಾ ನೀನು? ಹೊಟ್ಟೆ ಸರಿಯಿಲ್ಲ ಅಂದೆ. ಆಮೇಲೆ ಟೀ ಬಿಟ್ಟಿದೀನಿ ಅಂದೆ. ಟ್ಯಾಂಕರ್ ಬಂತು, ಮಾರನೇ ಸಲ ಬಂದಾಗ ಎರಡು ಲೋಟ ಕುಡಿದೆ." ಅಕ್ಕನ ದನಿ ಏರಲಿಲ್ಲ. "ನಿನಗೆ ಗೊತ್ತಿರಲಿಲ್ಲ ಅಂತಿದೀಯ. ನಿನ್ನ ಬಾಯಿಗೆ ಗೊತ್ತಿತ್ತು ಕಣೆ."

ಅವಳು ನೆಲದ ಮೇಲಿದ್ದ ಬಾಟಲಿ ನೋಡಿದಳು. ಅಂಥದೊಂದು ಲೆಕ್ಕ ಅವಳು ಎಂದೂ ಹಾಕಿರಲಿಲ್ಲ. ಅಕ್ಕನ ಮಾತಿನಂತೆ ತಿಂಗಳು ತಿಂಗಳಾಗಿ ನೆನೆಸಿಕೊಂಡಳು. ಒಂದು ಲೋಟವೂ ಸಿಗಲಿಲ್ಲ. ಪ್ರತಿ ಸಲ ಒಂದೊಂದು ನೆಪ ಸಿಕ್ಕಿತ್ತು, ಪ್ರತಿ ನೆಪವೂ ಆ ಹೊತ್ತಿಗೆ ನಿಜವೇ ಅನ್ನಿಸಿತ್ತು.

"ಹೇಳಿದ್ರೆ ಏನಾಗ್ತಿತ್ತು?" ಅಕ್ಕ ಕೇಳಿದಳು. "ಇನ್ನೆಂಟು ತಿಂಗಳು ಕ್ಯಾನು ಹೊರ್ತಿದ್ದೆ. ಇಪ್ಪತ್ತು ವರ್ಷ ಹೊತ್ತೋಳಿಗೆ ಅದೇನು ಭಾರನಾ?"

ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿತು. ಬಾಗಿಲಲ್ಲಿ ಭಾವ ನಿಂತಿದ್ದ, ಪಂಪ್‌ಹೌಸಿನ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮಾತಿಗೊಂದು ತಮಾಷೆ ಹುಡುಕುವವನಂತೆ ಬಾಯಿ ತೆರೆದು, ಸಿಗದೆ, "ನೀರು ಬಂತು" ಅಂದ. ಖಾಲಿ ಕ್ಯಾನುಗಳನ್ನು ತೆಗೆದುಕೊಂಡು ಮೂವರೂ ಹೊರಟರು.

ಸಾಲು ಆಗಲೇ ಮೂಲೆ ತಿರುಗಿತ್ತು. ಇವರ ಮುಂದೆ, ಗಣಿಯಲ್ಲಿ ಮೂವತ್ತು ವರ್ಷ ಬಂಡೆ ಕೊರೆದು ಕಿವಿ ಮಂದವಾದ ಮುದುಕ. ಎಲ್ಲರೂ ಸುರಂಗದಜ್ಜ ಅನ್ನುತ್ತಿದ್ದರು. ಇವರ ಹಿಂದೆ, ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು. ಅಜ್ಜ ತಿರುಗಿ ತಂಗಿಯನ್ನು ದಿಟ್ಟಿಸಿದ.

"ಇವರೇ ಅಲ್ವೇನಯ್ಯಾ ನಿನ್ನ ನಾದಿನಿ? ಆ ಹಾಳೆ ಮಾಡಿದೋರು?"

"ಅಯ್ಯೋ, ಇವಳೆಲ್ಲಿ ಮಾಡ್ತಾಳಜ್ಜ!" ಭಾವ ಅಜ್ಜನ ಕಿವಿಯ ಹತ್ತಿರ ಬಾಗಿ ಕೂಗಿದ. "ಇವಳು ಅಲ್ಲಿ ಬಾಟ್ಲಿ ತೊಳೆಯೋಳು. ಅವೆಲ್ಲ ದೊಡ್ಡೋರ ಕೆಲಸ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ದೊಣ್ಣೆ ತಪ್ಪಿತ್ತು. ಊರಿಗೆಲ್ಲ ಅವಳ ಹೆಸರು ಹೇಳಿ ಮೆರೆದವನು ಈಗ ಅವಳನ್ನು ಉಳಿಸಲು ತನ್ನ ಮಾತನ್ನು ತಾನೇ ನುಂಗಿದ್ದ. ಅಜ್ಜ ಆಗಲೇ ತಲೆಯಾಡಿಸಿ ಮುಂದಕ್ಕೆ ತಿರುಗುತ್ತಿದ್ದ. ಅವಳು ಮಾಡಬೇಕಿದ್ದುದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅದರಲ್ಲಿ ಅವಳು ಪಳಗಿದವಳು.

"ನಾನೇ ಅಜ್ಜ" ಅಂದಳು. ದನಿ ಸಣ್ಣದಾಯಿತು, ಅಜ್ಜನಿಗೆ ಕೇಳಲಿಲ್ಲ. ಮತ್ತೊಮ್ಮೆ, ಜೋರಾಗಿ: "ನಾನೇ ಮಾಡಿದ್ದು. ನೀರು ಪರೀಕ್ಷೆ ಮಾಡಿ ಕುಡೀಬಹುದು ಅಂದೋಳೂ ನಾನೇ. ಪರೀಕ್ಷೆ ಸರಿಯಿಲ್ಲ ಅಂತ ನನಗೆ ಮೊದಲೇ ಅನುಮಾನ ಬಂದಿತ್ತು. ನಾನು ಯಾರಿಗೂ ಹೇಳಲಿಲ್ಲ."

ಸಾಲಿನಲ್ಲಿ ಹಿಂದೆ ಮುಂದೆ ಇದ್ದವರು ಇತ್ತ ತಿರುಗಿದರು. ಟ್ಯಾಂಕರಿನ ಪೈಪಿನಿಂದ ಯಾರದೋ ಕ್ಯಾನಿಗೆ ನೀರು ಬೀಳುತ್ತಿತ್ತು. ಭಾವ ಕೀಲಿಗೊಂಚಲು ನೋಡುತ್ತ ನಿಂತ.

"ಎಷ್ಟಿತ್ತು ಅದರಲ್ಲಿ?" ಅಜ್ಜ ಕೇಳಿದ.

"ನಲವತ್ತೈದು. ಮೂವತ್ತನ್ನ ದಾಟಬಾರದಿತ್ತು."

"ಹೂಂ." ಅಜ್ಜ ಯೋಚಿಸಿದ. "ನಾನು ಸುರಂಗದೊಳಗೇ ಸೋರಿದ ನೀರು ಕುಡಿದೋನು. ನಂದು ಬಿಡು." ಅವನ ಕಣ್ಣು ಅವಳನ್ನು ದಾಟಿ ಹಿಂದಿದ್ದ ಹೆಂಗಸಿನ ಕಡೆ ಹೋಯಿತು.

ಆ ಹೆಂಗಸು ಮಗುವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. "ನಾನು ಹಾಲಿನ ಪುಡಿನ ಅದ್ರಲ್ಲೇ ಕಲಸ್ತಿದ್ದೆ" ಅಂದಳು. "ಟ್ಯಾಂಕರ್ ನೀರಿಗಿಂತ ಒಳ್ಳೇದು ಅಂತ ಪಂಪ್‌ಹೌಸಿನ ಇವರೇ ಹೇಳಿದ್ರು. ಮಗೂಗೆ ಏನಾಗುತ್ತೆ?"

ಏನೂ ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ವೈದ್ಯರು ಹೇಳಿದ್ದ ಎರಡೂ ಕಡೆಯ ಮಾತೂ ಬಂದಿತ್ತು.

"ನನಗೆ ಗೊತ್ತಿಲ್ಲಮ್ಮ" ಅಂದಳು. "ಪರೀಕ್ಷೆ ಮಾಡಿಸ್ತಾ ಇರ್ಬೇಕು. ಎಷ್ಟು ವರ್ಷ ಅಂತ ಅದೂ ಗೊತ್ತಿಲ್ಲ."

ಹೆಂಗಸು ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗು ಕೈಚಾಚಿ ಕ್ಯಾನಿನ ಹಿಡಿಕೆ ಹಿಡಿಯಲು ನೋಡಿತು, ತಾಯಿ ಆ ಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡಳು.

"ಸಾಲು ಮುಂದಕ್ಕೆ ಹೋಯ್ತು" ಅಂದಳು. "ನಿಮ್ಮ ಕ್ಯಾನು ತಳ್ಳಿ."

ಅವಳು ಬಗ್ಗಿ ಕ್ಯಾನುಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳಿದಳು, ಮೊದಲು ಅಕ್ಕನದು, ಆಮೇಲೆ ಭಾವನದು. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ವಾಲಿದ ಭುಜದ ಮೇಲೆ ಮಡಚಿದ ಬಟ್ಟೆ ಇಟ್ಟುಕೊಂಡು, ಟ್ಯಾಂಕರಿನ ಕಡೆ ನೋಡುತ್ತ. ಇವರ ಮುಂದೆ ಇನ್ನೂ ಹನ್ನೊಂದು ಜನರಿದ್ದರು.